ಬ್ರೆಡ್ ಮಿಸ್ ಕೈಕಟ್ಟಿ ನಿಂತ ದಿನ

ಬ್ರೆಡ್ ಮಿಸ್ಸಿನ ಬಾಯಿಯಾದರೂ ಸುಮ್ಮನಿದ್ದೀತು, ಕೈ ಮಾತ್ರ ಸುಮ್ಮನಿರುವ ಜಾತಿಯದಲ್ಲ. ಗಂಡ ಚಹಾಕ್ಕೆ ಸಕ್ಕರೆ ಹಾಕಿ ಕಲಕಿಟ್ಟರೆ, ಹೋಗುತ್ತ ಒಮ್ಮೆ ಬರುತ್ತ ಒಮ್ಮೆ ತಾವೂ ಕಲಕುತ್ತಾರೆ. "ಪುಣ್ಯಾತ್ಗಿತ್ತಿ, ಇನ್ನೇನು ಕರಗಬೇಕು ಅದ್ರಲ್ಲಿ, ಲೋಟಾನಾ?" ಎಂದು ಆತ ರೇಗಿಸುತ್ತಾನೆ. ಮಿಸ್ ನಗುತ್ತಾರೆ, ಮರುದಿನ ಮತ್ತೆ ಕಲಕುತ್ತಾರೆ.

ಮೊದಲು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ ಹೆಂಗಸು. ಈಗ ಹೈಸ್ಕೂಲಿನ ಹಿಂದಿನ ಉದ್ದ ಕೋಣೆಯಲ್ಲಿ ಮಕ್ಕಳಿಗೆ ಅದೇ ಕೆಲಸ ಕಲಿಸುತ್ತಾರೆ. ಎರಡು ಓವನ್, ಕಲ್ಲಿನ ಮೇಜು, ಮೊಳೆಗೆ ನೇತುಹಾಕಿದ ಏಪ್ರನ್‌ಗಳು, ಯಾವಾಗಲೂ ಬೆಚ್ಚಗಿರುವ ಗೋಡೆ. ಈ ಕೋಣೆಯಲ್ಲಿ ಇದುವರೆಗೆ ಯಾರ ಬ್ರೆಡ್ಡೂ ಕೆಟ್ಟಿಲ್ಲ. ಕೆಡುವುದಾದರೂ ಹೇಗೆ? ಮಕ್ಕಳು ಹಿಟ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿ ಆಟಕ್ಕೆ ಓಡಿದ ಮೇಲೆ ಮಿಸ್ ಒಂದೊಂದೇ ಬಟ್ಟೆ ಎತ್ತಿ ಇಣುಕುತ್ತಾರೆ. ಉಬ್ಬದೆ ಕೂತ ಹಿಟ್ಟು ಕಂಡರೆ ಅವರ ಕರುಳು ಚುರುಕ್ ಎನ್ನುತ್ತದೆ. ಉಗುರು ಬೆಚ್ಚಗಿನ ನೀರಲ್ಲಿ ಯೀಸ್ಟ್ ಕದಡಿ, ಅದಕ್ಕೆ ಸೇರಿಸಿ, ಇನ್ನೊಮ್ಮೆ ನಾದಿ, ಏನೂ ಅರಿಯದವರ ಹಾಗೆ ಮುಚ್ಚಿಡುತ್ತಾರೆ. ಮಕ್ಕಳಿಗೆ ಇದು ಗೊತ್ತಿಲ್ಲ. ಮೋಸ ಅಂದುಬಿಟ್ಟೀರಿ, ಜೋಕೆ! ಅವರ ಪಾಲಿಗೆ ಅದು ಅಕ್ಕರೆ, ಅಷ್ಟೇ.

ಆ ವರ್ಷ ಹೊಸ ನಿಯಮ ಬಂತು. ಬೇಕರಿ, ಮರಗೆಲಸದಂಥ ತರಗತಿಗಳನ್ನೂ ಇನ್ನು ಮುಂದೆ ವಿಜ್ಞಾನವೋ ಗಣಿತವೋ ಕಲಿತಂತೆಯೇ ಲೆಕ್ಕಕ್ಕೆ ಹಿಡಿಯಬಹುದು. ಆದರೆ ವಿಜ್ಞಾನದ ಮೇಷ್ಟ್ರು ಎದುರಿಗೆ ಕೂತಿರಬೇಕು. ಮಕ್ಕಳು ತಾವೇ ಮಾಡಬೇಕು, ಯಾಕೆ ಹಾಗಾಯಿತು ಎಂಬುದನ್ನು ತಾವೇ ಬಿಡಿಸಿ ಹೇಳಬೇಕು.

ಸುದ್ದಿ ಕೇಳಿ ಎಲ್ಲರಿಗಿಂತ ಎತ್ತರಕ್ಕೆ ಕುಣಿದವಳು ಮಾತಿನಮಲ್ಲಿ. ಹದಿನಾರರ ಈ ಹುಡುಗಿಯ ನಾಲಿಗೆಗೆ ಮೂಳೆಯೂ ಇಲ್ಲ, ಬಿಡುವೂ ಇಲ್ಲ. ಪರೀಕ್ಷೆಯಲ್ಲಿ ವಿಜ್ಞಾನದ ಪ್ರಶ್ನೆಪತ್ರಿಕೆ ಕಂಡರೆ ಮಾತ್ರ ಬಾಯಿಗೆ ಬೀಗ. ಮಿಕ್ಕದ್ದೆಲ್ಲ ಪಾಸು, ವಿಜ್ಞಾನ ಎರಡು ಸಲ ಡುಮ್ಕಿ. ಇದೊಂದು ದಾಟದಿದ್ದರೆ ಅವಳ ಹೈಸ್ಕೂಲು ಅಲ್ಲಿಗೇ ನಿಂತಂತೆ.

"ಮಿಸ್, ಬ್ರೆಡ್ಡಂದ್ರೆ ನಂಗೆ ಎಡಗೈ ಕೆಲ್ಸ. ನಂದು ಎಷ್ಟು ಚೆನ್ನಾಗಿ ಉಬ್ಬುತ್ತೆ ನೀವೇ ನೋಡಿದೀರಲ್ಲ!" ಎಂದಳು.

ಎಲ್ಲರಿಗಿಂತ ಹೆಚ್ಚು ಸಲ ಮಿಸ್ ಸರಿಮಾಡಿದ್ದು ಇವಳ ಹಿಟ್ಟನ್ನೇ.

ಆ ದಿನ ಬಂತು. ಮೇಷ್ಟ್ರು ಮೂಲೆಯ ಸ್ಟೂಲಿನ ಮೇಲೆ ಕೂತರು. ಸಣ್ಣ ದನಿಯ, ಒಳ್ಳೆಯ ಮನುಷ್ಯ. ಮಾತಿನಮಲ್ಲಿ ಹರಟುತ್ತಲೇ ಕುದಿಯುವ ನೀರಿನ ಕೆಟಲ್ ಎತ್ತಿ ಯೀಸ್ಟಿನ ಮೇಲೆ ದಬದಬ ಸುರಿದಳು. ಅಯ್ಯೋ ದೇವರೇ! ಇಷ್ಟು ದಿನ ಅದು ಯಾಕೆ ಉಬ್ಬುತ್ತಿರಲಿಲ್ಲ ಎಂಬುದು ಮಿಸ್ಸಿಗೆ ಆಗಲೇ ಹೊಳೆದದ್ದು. ಸರಿಮಾಡುವ ಭರದಲ್ಲಿ ಅವರು ಒಂದು ದಿನವೂ ಕಾರಣ ಹುಡುಕಿರಲಿಲ್ಲ. ಕಾಲು ತಾನಾಗಿ ಮುಂದೆ ಹೋಯಿತು.

"ಮಿಸ್, ಕೈ ಹಾಕಬಾರ್ದು," ಎಂದರು ಮೇಷ್ಟ್ರು ಮೆಲ್ಲಗೆ.

ಮಿಸ್ ಎರಡೂ ಕೈಯನ್ನು ಬೆನ್ನ ಹಿಂದೆ ಹೆಣೆದುಕೊಂಡು ನಿಂತರು. ಬೇರೆ ಬಟ್ಟಲುಗಳಲ್ಲಿ ಹಿಟ್ಟು ಬಟ್ಟೆಯನ್ನೇ ಎತ್ತಿತು. ಮಾತಿನಮಲ್ಲಿಯದು ಇಟ್ಟಲ್ಲೇ ಬಿದ್ದುಕೊಂಡಿತು. ಆದದ್ದಾಗಲಿ ಎಂದು ಅವಳು ಅದನ್ನೇ ಓವನ್ನಿಗೆ ಇಟ್ಟಳು, ಹೊರಬಂದದ್ದು ಇಟ್ಟಿಗೆ. ಹುಡುಗಿಯ ಬಾಯಿ ಕಟ್ಟಿಹೋಯಿತು.

"ಯಾಕೆ ಹೀಗಾಯ್ತಮ್ಮ?" ಮೇಷ್ಟ್ರು ಕೇಳಿದರು.

"ಗೊತ್ತಿಲ್ಲ ಸರ್. ಯಾವಾಗ್ಲೂ ಮಾಡೋ ಹಾಗೇ ಮಾಡಿದ್ದು."

"ಹಾಗಿದ್ರೆ ಮುಂಚೆ ಹೇಗೆ ಉಬ್ತಾ ಇತ್ತು?"

ಮಿಸ್ ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ಬಾಯಿಬಿಟ್ಟರೆ ತರಗತಿಯ ಮಾನವೇ ಹೋಗುವ ಹೆದರಿಕೆ, ಮೇಷ್ಟ್ರು ಎದ್ದು ನಡೆದರೂ ನಡೆದಾರು. ಆದರೆ ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ನೋಡಿಯೂ ತಡೆದುಕೊಳ್ಳುವಷ್ಟು ಗಟ್ಟಿಗಿತ್ತಿಯಲ್ಲ ನಮ್ಮ ಬ್ರೆಡ್ ಮಿಸ್.

"ನಾನೇ ಉಬ್ಬಿಸ್ತಾ ಇದ್ದೆ ಮೇಷ್ಟ್ರೇ. ಇವರು ಆಟಕ್ಕೆ ಹೋದಾಗ ಬೆಚ್ಚಗಿನ ನೀರಲ್ಲಿ ಬೇರೆ ಯೀಸ್ಟ್ ಕದಡಿ ಸೇರಿಸ್ತಿದ್ದೆ. ತಪ್ಪು ನಂದು, ಮಗೂದಲ್ಲ."

ಮಾತಿನಮಲ್ಲಿ ಮಿಸ್ಸನ್ನು ನೋಡಿದಳು, ಕೆಟಲನ್ನು ನೋಡಿದಳು, ಮತ್ತೆ ಮಿಸ್ಸನ್ನು ನೋಡಿದಳು.

"ಬೆಚ್ಚಗಿನ ನೀರಲ್ಲಿ ಕದಡ್ತಿದ್ರಾ? ನಾನು ಕುದಿಯೋದನ್ನೇ ಹುಯ್ತಿದ್ದೆ. ಹಾಗಾದ್ರೆ ನನ್ ಯೀಸ್ಟು ಬೆಂದು ಸತ್ತೇ ಹೋಗಿರ್ಬೇಕು ಸರ್! ತಾಳಿ, ತೋರಿಸ್ತೀನಿ. ಎರಡು ಲೋಟ. ಯೀಸ್ಟೂ ಅಷ್ಟೇ, ಸಕ್ಕರೇನೂ ಅಷ್ಟೇ. ಒಂದಕ್ಕೆ ಕುದಿಯೋ ನೀರು, ಒಂದಕ್ಕೆ ಬೆಚ್ಚಗಿಂದು. ಬೇರೆ ಏನನ್ನೂ ಬದಲಾಯಿಸಲ್ಲ."

ಯಾರೂ ಆಟಕ್ಕೆ ಹೋಗಲಿಲ್ಲ, ಲೋಟಗಳ ಸುತ್ತ ಮುತ್ತಿಕೊಂಡರು. ಬೆಚ್ಚಗಿನದರಲ್ಲಿ ನೊರೆ ಏರಿ ಅಂಚಿನವರೆಗೆ ಬಂತು. ಇನ್ನೊಂದು ಕೆಸರಿನ ನೀರಿನ ಹಾಗೆ ಇದ್ದಲ್ಲೇ ಕೂತಿತು. ಮಾತಿನಮಲ್ಲಿಗೆ ಹೋದ ಬಾಯಿ ವಾಪಸ್ಸು ಬಂತು; ಯೀಸ್ಟ್ ಜೀವವಿರುವ ವಸ್ತು, ಅದು ಸಕ್ಕರೆ ತಿಂದು ಗಾಳಿ ಬಿಡುತ್ತದೆ, ಆ ಗಾಳಿಯೇ ಹಿಟ್ಟನ್ನು ಎತ್ತುವುದು ಎಂದು ಮೇಷ್ಟ್ರು ಸಾಕಮ್ಮ ಸಾಕು ಎನ್ನುವವರೆಗೆ ಬಿಡಿಸಿ ಹೇಳಿದಳು.

"ಹಿಂದಿನದು ಬಿಡಿ ಮಿಸ್," ಎಂದರು ಮೇಷ್ಟ್ರು ಸಹಿ ಹಾಕುತ್ತ. "ಇವತ್ತಿಂದಕ್ಕೆ ನಾನೇ ಸಾಕ್ಷಿ. ಇವಳ ವಿಜ್ಞಾನ ಮುಗೀತು."

ಮಿಸ್ಸಿನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಬಿಡುಗಡೆಯಾದ ಕೈ ಮತ್ತೆ ಸುಮ್ಮನಿರುತ್ತದೆಯೇ? ಹುಡುಗಿ ಆ ಇಟ್ಟಿಗೆಯನ್ನು ಕಾಗದದಲ್ಲಿ ಸುತ್ತುವುದು ಕಂಡು, ತಾವು ಬೇಯಿಸಿದ್ದ ಹೂವಿನಂಥ ಬ್ರೆಡ್ಡೊಂದನ್ನು ಅವಳ ಮುಂದೆ ಹಿಡಿದರು.

"ಅದನ್ನಿಲ್ಲಿ ಕೊಡು ಮಗಳೇ, ಮನೇಲಿ ನಗ್ತಾರೆ. ಇದನ್ನ ತಗೊಂಡು ಹೋಗು."

ಮಾತಿನಮಲ್ಲಿ ಪೊಟ್ಟಣವನ್ನು ಎದೆಗೆ ಅವಚಿಕೊಂಡಳು. "ನಗ್ಲಿ ಬಿಡಿ ಮಿಸ್. ಇಷ್ಟು ದಿನ ನಮ್ಮಮ್ಮ ತಿಂದಿದ್ದು ನಿಮ್ಮ ಬ್ರೆಡ್ಡು. ಇವತ್ತು ನಂದು ತಿನ್ಲಿ."