ಕುಡಿತ ಬಿಟ್ಟವರಿಗೊಂದು ಶಾಲು

ಹೋದ ತಿಂಗಳು ಇಂಡಿ ಪಟ್ಟಣದಲ್ಲಿ ನನಗೆ ಸನ್ಮಾನವಾಯಿತು. ಶಾಲು, ಹಾರ, ಒಂದು ತೆಂಗಿನಕಾಯಿ. ಸಾಧನೆ ಏನು ಗೊತ್ತೇ? ಕುಡಿಯುವುದನ್ನು ಬಿಟ್ಟದ್ದು!

ಹೌದು, ನಿಮ್ಮ ಈ ಅಂಕಣಕಾರ ಕುಡಿಯುತ್ತಿದ್ದ. ಚೆನ್ನಾಗಿಯೇ ಕುಡಿಯುತ್ತಿದ್ದ. (ಸಿಂದಗಿಯ ಓದುಗರು ‘ಇದೇನು ಹೊಸ ಸುದ್ದಿಯೇ?’ ಎನ್ನುತ್ತಿರಬಹುದು. ಸುಮ್ಮನೆ ಓದಿ.) ಬಿಟ್ಟು ಐದು ತಿಂಗಳಾಯಿತು. ಒಬ್ಬನೇ ಬಿಡುವುದು ನನ್ನ ಕೈಯಲ್ಲಿ ಆಗಲಿಲ್ಲ. ಬಿಜಾಪುರದ ಡಾಕ್ಟರು ಚೀಟಿಯಲ್ಲಿ ಗುಳಿಗೆಯ ಹೆಸರಿನ ಕೆಳಗೆ ಬರೆದುಕೊಟ್ಟರು: ‘ಕುಡಿತ ಬಿಡುವವರ ಮೀಟಿಂಗ್, ರವಿವಾರ ನಾಲ್ಕು ಗಂಟೆ, ಇಂಡಿ.’ ಇಂಡಿಯಲ್ಲಿ ಎಲ್ಲಿ? ಅದನ್ನು ಬರೆದಿರಲಿಲ್ಲ.

ನೀವೇ ಹೇಳಿ, ಯಾರನ್ನು ಕೇಳುವುದು? ಬಾರ್ ಎಲ್ಲಿದೆ ಎಂದರೆ ಮೂರು ಜನ ಕೈಮಾಡಿ ತೋರಿಸುತ್ತಾರೆ. ಬಿಡುವ ಜಾಗ ಎಲ್ಲಿದೆ ಎಂದು ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಯವನನ್ನು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾರಿಗ್ರಿ? ನಿಮಗೇನ್ರಿ? ಯಾವೂರ್ರಿ ನಿಮ್ದು?” ಎಂದ. “ನಮ್ಮ ತಮ್ಮಗ್ರಿ” ಎಂದೆ. (ನನಗೆ ತಮ್ಮನೇ ಇಲ್ಲ.) ಮೂರು ರವಿವಾರ ಅಲೆದೆ. ನಾಲ್ಕನೆಯ ರವಿವಾರ ಸಿಕ್ಕಿತು: ಒಂದು ಖಾಸಗಿ ಶಾಲೆಯ ಕೋಣೆ, ಚಿಕ್ಕ ಮಕ್ಕಳ ಬೆಂಚು, ಅದರ ಮೇಲೆ ಮೊಣಕಾಲು ಮಡಚಿ ಕೂತ ಏಳು ಜನ ಗಂಡಸರು.

ಒಬ್ಬರೂ ಇಂಡಿಯವರಲ್ಲ! ಗುರುತು ಸಿಗಬಾರದೆಂದು ಬೇರೆ ಊರುಗಳಿಂದ ಬಸ್ ಹತ್ತಿ ಬಂದವರೇ ಎಲ್ಲ. ಹಾಗಾದರೆ ಇಂಡಿಯ ಕುಡುಕರು? “ಅವ್ರು ಮುದ್ದೇಬಿಹಾಳಕ್ಕ ಹೋಗ್ತಾರ್ರಿ” ಎಂದರು ಪಕ್ಕದಲ್ಲಿ ಕೂತವರು.

ಅವರು ಮಾಸ್ತರರು. (ಹೆಸರು, ಊರು ಕೇಳಬೇಡಿ. ಬಾಗೇವಾಡಿ ಕಡೆಯವರು ಎಂದಿಟ್ಟುಕೊಳ್ಳಿ.) ಮೊದಲ ದಿನ ಕೈ ನಡುಗಿ ನಾನು ಚಹಾ ಚೆಲ್ಲಿಕೊಂಡಾಗ ತಮ್ಮ ಕರವಸ್ತ್ರ ಕೊಟ್ಟು, “ನಂದೂ ಹಿಂಗ ಚೆಲ್ತಿತ್ರಿ. ಒಂದ್ ತಿಂಗ್ಳು ತಡೀರಿ” ಎಂದಿದ್ದರು. ಹೆಂಡತಿಗೂ ಹೇಳದ್ದನ್ನು ಅವರ ಮುಂದೆ ಹೇಳಿದ್ದೇನೆ. ಅವರಿಗಿದ್ದದ್ದು ಒಂದೇ ಭಯ. ಊರಿನ ದೊಡ್ಡವರಿಗೆ ಹೇಗೂ ಗೊತ್ತು, ಆದರೆ ಶಾಲೆಯ ಮಕ್ಕಳಿಗೆ ಗೊತ್ತಾದರೆ ಬೋರ್ಡಿನ ಮುಂದೆ ನಿಲ್ಲಲಾರೆ ಎನ್ನುತ್ತಿದ್ದರು. ಪ್ರತಿ ವಾರ ಅದೇ ಮಾತು.

ಹೀಗಿರುವಾಗ ಬಂದರು, ಇಂಡಿಯ ಆ ಖಾಸಗಿ ಶಾಲೆಯ ಚೇರ್ಮನ್ ಸಾಹೇಬರು. ಕೋಣೆ ಪುಕ್ಕಟೆ ಕೊಟ್ಟ ಪುಣ್ಯಾತ್ಮರು, ಅದರಲ್ಲಿ ಎರಡು ಮಾತಿಲ್ಲ. ಒಂದು ರವಿವಾರ ಬಾಗಿಲು ದೂಡಿ ಒಳಗೆ ಬಂದವರೇ, “ಇಂಥಾ ಛಲೋ ಕೆಲಸಾ ಬಾಗಲಾ ಹಾಕ್ಕೊಂಡು ಮಾಡ್ತೀರೇನ್ರಿ? ನಾಕ್ ಮಂದಿಗಿ ಗೊತ್ತಾಗ್ಬೇಕ್ರಿ!” ಎಂದರು.

“ಗೊತ್ತಾಗಬಾರದಂತನ ಇಲ್ಲಿತನಕ ಬಂದೇವ್ರಿ ಸಾಹೇಬ್ರ,” ಎಂದೆ.

“ಏ, ಸುಮ್ನಿರ್ರಿ! ಬಿಟ್ಟೀರಿ, ಅದಕ್ಕ್ಯಾಕ ನಾಚ್ಕಿ?”

ಮುಂದಿನ ವಾರ ಹೋದರೆ ಅಂಗಳದಲ್ಲಿ ಪೆಂಡಾಲ್. ಮೈಕ್. ವೇದಿಕೆಯ ಮೇಲೆ ಅತಿಥಿಗಳು. ನಮ್ಮವರಲ್ಲಿ ನಾಲ್ವರು ಗೇಟಿನಿಂದಲೇ ಪರಾರಿ. ಮಾಸ್ತರರೂ ತಿರುಗಿ ಹೊರಟಿದ್ದರು. ಅವರ ಕೈ ಹಿಡಿದು ನಿಲ್ಲಿಸಿದವನು ನಾನು. “ಕೋಣಿ ಕೊಟ್ಟಾರ್ರಿ, ಮನಸಿಗಿ ಬ್ಯಾಸರಾ ಮಾಡ್ಕೋತಾರ. ಐದ್ ಮಿನಿಟ್ ಕುಂತು ಹೋಗೂಣ ಬರ್ರಿ” ಎಂದೆ.

ನಮ್ಮ ಸೀಮೆಯಲ್ಲಿ ಮೈಕ್ ಇದ್ದ ಕಾರ್ಯಕ್ರಮ ಐದು ಮಿನಿಟಿಗೆ ಮುಗಿದದ್ದುಂಟೇ? ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಆಮೇಲೆ ಹಾರ. ನಾನು ಬೇಡ ಬೇಡ ಎನ್ನುತ್ತಲೇ ಕತ್ತು ಬಗ್ಗಿಸಿದೆ. (ಬರೆಯುವವರಿಗೆ ಚಪ್ಪಾಳೆಯೂ ಒಂದು ನಶೆ.) ಮಾಸ್ತರರ ಹೆಗಲಿಗೆ ಶಾಲು ಹೊದಿಸುವಾಗ ಶಿಕ್ಷಣ ಇಲಾಖೆಯಿಂದ ಬಂದಿದ್ದ ಅತಿಥಿಯೊಬ್ಬರು ಮೈಕಿಗೆ ಧಾವಿಸಿದರು. “ಅರೆ, ಇವ್ರು ನಮ್ಮ ಮಾಸ್ತರ ಅದಾರ್ರಿ! ನಮಗ ಅಭಿಮಾನ ಐತಿ!” ಎಂದು ಹೆಸರು, ಊರು, ಶಾಲೆ ಮೂರನ್ನೂ ಕೂಗಿ ಹೇಳಿದರು. ಕೆಟ್ಟ ಮನುಷ್ಯರಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಮುಂದಿನ ರವಿವಾರ ಕೋಣೆಯಲ್ಲಿ ಇದ್ದದ್ದು ಇಬ್ಬರು. ಮಾಸ್ತರರು ಬಂದಿರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ತಡೆಯಲಾಗದೆ ಈ ಬುಧವಾರ ಅವರ ಊರಿಗೇ ಹೋದೆ. ಬೆಳಗಿನ ಹನ್ನೊಂದು ಗಂಟೆ, ಶಾಲೆಯಲ್ಲಿ ಪಾಠ ನಡೆಯುವ ಹೊತ್ತು. ಇವರು ಮನೆಯಲ್ಲಿದ್ದರು. ಬಾಗಿಲು ತೆರೆದಾಗಲೇ ವಾಸನೆ ಬಂತು.

“ಯಾರೂ ಬೈಲಿಲ್ರಿ ಸರ್,” ಎಂದರು. “ಬೈದಿದ್ರ ತಡ್ಕೋತಿದ್ದೆ. ಸೋಮಾರ ಪ್ರಾರ್ಥನಾದಾಗ ಹೆಡ್ ಮಾಸ್ತರು ಮುಂದ ಕರದು ನಿಂದ್ರಿಸಿದ್ರು. ‘ಇವ್ರು ಕುಡಿಯೂದು ಬಿಟ್ಟಾರ, ಚಪ್ಪಾಳಿ ತಟ್ರಿ’ ಅಂದ್ರು. ಹುಡುಗೂರು ತಟ್ಟಿದ್ವು. ಒಂದನೇ ಕ್ಲಾಸಿನ ಹುಡುಗೂರೂ ತಟ್ಟಿದ್ವು ಸರ್.”

“ತಪ್ಪು ನಂದ ಐತ್ರಿ ಮಾಸ್ತರ. ಹೋಗಾಕ ಹೊಂಟವ್ರನ್ನ ನಾನ ಹಿಡದು ಕುಂದ್ರಿಸಿದೆ” ಎಂದೆ. ಅವರು ಇಲ್ಲ ಎನ್ನಲಿಲ್ಲ. ಬೇರೆ ಊರಿನ ಮೀಟಿಂಗ್ ಹುಡುಕೋಣ, ನಾನೂ ಜೊತೆಗೆ ಬರುತ್ತೇನೆ ಎಂದೆ. “ನೋಡೂಣ್ರಿ” ಎಂದರು. ಇದನ್ನು ಬರೆಯಲೇ ಎಂದು ಕೇಳಿದೆ. “ಬರೀರಿ. ಹೆಸರೊಂದು ಬಿಡ್ರಿ.”

ಮನೆಗೆ ಬಂದರೆ ಚೇರ್ಮನ್ ಸಾಹೇಬರ ಫೋನ್. “ಬರೂ ವರ್ಷ ಇನ್ನೂ ಜೋರ ಮಾಡೂಣ್ರಿ. ಬಿಟ್ಟವ್ರ ಲಿಸ್ಟ್ ಈಗಿಂದನ ತಯಾರ ಮಾಡ್ರಿ!”

ಮಾಸ್ತರರು ಹತ್ತು ವರ್ಷ ಕುಡಿಯುವಾಗ ತುಟಿ ಪಿಟಕ್ಕೆನ್ನದೆ ಇದ್ದ ನಮಗೆ, ಬಿಟ್ಟ ಮೇಲೆ ಹತ್ತು ತಿಂಗಳು ಸುಮ್ಮನಿರಲು ಏನು ಧಾಡಿಯಾಗಿತ್ತು?