ಮೂರನೆಯ ಬೆರಳು

ಅವರ ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ನಕ್ಕರೂ ಅಷ್ಟೆ, ಆಕಳಿಸಿದರೂ ಅಷ್ಟೆ. ನಾವೆಲ್ಲ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಿದ್ದರೆ ಅವರು ಅದನ್ನು ಕಡಲೆಕಾಳಿನಷ್ಟು ಚೂರು ಮಾಡಿ ಹೆಬ್ಬೆರಳ ತುದಿಯಿಂದ ಹಲ್ಲಿನ ಸಂದಿಗೆ ತಳ್ಳಿಕೊಳ್ಳುತ್ತಿದ್ದರು. ಕೆನ್ನೆಯ ಒಳಗೆ ಯಾರೋ ಹಗ್ಗ ಎಳೆದು ಕಟ್ಟಿದ ಹಾಗಿತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅವರು ಊಟ ಮಾಡುವುದನ್ನು ಕದ್ದು ನೋಡಿದೆ. ಅವರಿಗೆ ಗೊತ್ತಾಯಿತು.

"ಕದ್ದು ಯಾಕ್ ನೋಡ್ತೀಯೆ, ಚೆನ್ನಾಗೇ ನೋಡು. ಎದ್ರಿಕೆ ಆಯ್ತದಾ? ಆಗ್ಲಿ, ಒಳ್ಳೇದೇ," ಎಂದರು. ಮಾತೂ ಹಲ್ಲಿನ ಸಂದಿಯಿಂದಲೇ ಬರುತ್ತಿತ್ತು. ಅರ್ಥವಾಗಲು ನನಗೆ ಒಂದು ತಿಂಗಳು ಬೇಕಾಯಿತು.

ಅವರು ನಮ್ಮ ಊರಿನ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವರು. ಮಕ್ಕಳು, ಮೇಷ್ಟ್ರುಗಳು, ಊರಿನವರು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ನಾನು ಅವರ ಸಹಾಯಕಿ. ಹತ್ತನೇ ಕ್ಲಾಸಿನವರೆಗೆ ಓದಿದವಳು, ಬಾಗೂರಿನ ಹತ್ತಿರದ ತವರಿನಿಂದ ಅರಕಲಗೂಡು ತಾಲ್ಲೂಕಿನ ಈ ಊರಿಗೆ ಮದುವೆಯಾಗಿ ಬಂದವಳು. ತವರಲ್ಲಿ ನಾನು ಹೊಗೆಸೊಪ್ಪಿನ ಗಿಡ ಕಂಡಿರಲಿಲ್ಲ. ಇಲ್ಲಿ ಮನೆಯ ಹಿಂದೆಯೇ ಹೊಗೆಸೊಪ್ಪಿನ ಹೊಲ, ಹೊಲದ ತಲೆಗೆ ಸೊಪ್ಪು ಒಣಗಿಸುವ ಬ್ಯಾರನ್ನು. ಶ್ರಾವಣದ ಹೊತ್ತಿಗೆ ಊರಿನ ಹೆಂಗಸರು, ಹುಡುಗಿಯರೆಲ್ಲ ಬ್ಯಾರನ್ನಿನ ಮುಂದೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾರೆ. ಅಂಗೈ ಕಪ್ಪಾಗಿ ಅಂಟಂಟಾಗುತ್ತದೆ. ತಲೆ ಸುತ್ತುತ್ತದೆ, ಕೆಲವರಿಗೆ ವಾಂತಿಯಾಗುತ್ತದೆ. ಅದಕ್ಕೆ ಯಾರೂ ಹೆಸರಿಟ್ಟಿಲ್ಲ. ಮಧ್ಯಾಹ್ನ ಮಜ್ಜಿಗೆ ಕುಡಿದರೆ ಸರಿಹೋಗುತ್ತದೆ ಅನ್ನುತ್ತಾರೆ.

ದೊಡ್ಡಕ್ಕ ಹತ್ತು ವರ್ಷದವರಾಗಿದ್ದಾಗ ಹೀಗೇ ಸೊಪ್ಪು ಕಟ್ಟುತ್ತಾ ವಾಂತಿ ಮಾಡಿಕೊಂಡಿದ್ದರಂತೆ. ಅವರ ಅವ್ವ ಅಡಿಕೆ ಚೂರಿನ ಜೊತೆ ಒಂದು ಚಿಟಿಕೆ ಕಡ್ಡಿಪುಡಿ, ಅದೇ ಹೊಗೆಸೊಪ್ಪಿನ ಪುಡಿ, ಬಾಯಿಗೆ ಹಾಕಿದ್ದರು, ಸಂಕಟ ನಿಲ್ಲಲಿ ಅಂತ. ಸಂಕಟ ನಿಂತಿತು. ಆಮೇಲೆ ಮೂವತ್ತು ವರ್ಷ ಕಡ್ಡಿಪುಡಿ ನಿಲ್ಲಲಿಲ್ಲ. ಬಾಯಿ ಎರಡು ಬೆರಳಿಗೆ ಇಳಿದಾಗ ಹೊಳೆನರಸೀಪುರದ ಒಬ್ಬ ಡಾಕ್ಟರು ಹೆದರಿಸಿ ಬಿಡಿಸಿದರು. ಬಿಟ್ಟರೂ ಬಾಯಿ ತೆರೆಯಲಿಲ್ಲ, ಒಂದು ಬೆರಳಿಗೆ ಬಂತು. "ಬುಟ್ಟಾಗ ತಡ ಆಗೋಗಿತ್ತು ಕಣೆ," ಎಂದು ಅವರು ಇದನ್ನು ಹೇಳಿದ್ದು ಪಾತ್ರೆ ಉಜ್ಜುತ್ತಾ, ನನ್ನ ಮುಖ ನೋಡದೆ.

ಆ ಡಾಕ್ಟರು ಅವರಿಗೆ ಒಂದು ಪರೀಕ್ಷೆ ಕಲಿಸಿದ್ದರು. ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಇಟ್ಟುಕೊಳ್ಳುವುದು. ಮೂರೂ ಹೋದರೆ ಬಾಯಿ ಸರಿಯಾಗಿದೆ. ಮೂರನೆಯದು ಹೋಗದಿದ್ದರೆ ಆಸ್ಪತ್ರೆಗೆ ಹೋಗಬೇಕು. ದೊಡ್ಡಕ್ಕ ಇದನ್ನು ಶಾಲೆಗೆ ತಂದರು. ಪ್ರತಿ ಶುಕ್ರವಾರ ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಕ್ಕಳು ಕೈ ತೊಳೆದ ಮೇಲೆ ಮೂರು ಬೆರಳು ತೋರಿಸಿಯೇ ಅನ್ನ ಹಾಕಿಸಿಕೊಳ್ಳಬೇಕು. ಸರಿ ಇದ್ದರೆ ಶಹಬ್ಬಾಸ್ ಅನ್ನುತ್ತಿರಲಿಲ್ಲ. "ಮುಂದಿನೋರು ಬನ್ನಿ," ಅಷ್ಟೆ.

ಇನ್ನೊಂದು ಉಪಾಯ ಅವರದೇ. ಶುಕ್ರವಾರದ ಸಾರಿಗೆ ಅವರು ಒಂದು ಹಿಡಿ ಖಾರದ ಪುಡಿ ಹೆಚ್ಚು ಹಾಕುತ್ತಿದ್ದರು. ಗುಟ್ಕ, ಕಡ್ಡಿಪುಡಿ ಹಾಕುವ ಬಾಯಿಗೆ ಖಾರ ತಡೆಯುವುದಿಲ್ಲ, ಒಳಚರ್ಮ ಸುಟ್ಟಂತಾಗುತ್ತದೆ. ಬೆರಳು ಹೇಳುವುದಕ್ಕೆ ಮೊದಲೇ ಸಾರು ಹೇಳುತ್ತದೆ. ಮಕ್ಕಳು ಉಣ್ಣುವಾಗ ಅವರು ಸೌಟು ಹಿಡಿದು ಸಾಲಿನ ಮಧ್ಯೆ ನಡೆಯುತ್ತಿದ್ದರು. ಸಾರನ್ನು ಪಕ್ಕಕ್ಕೆ ಸರಿಸಿದವನನ್ನು, ನೀರು ಬೆರೆಸಿಕೊಂಡವನನ್ನು ನೆನಪಿಟ್ಟುಕೊಳ್ಳುತ್ತಿದ್ದರು. ಯಾರ ಮುಂದೆಯೂ ಕೇಳುತ್ತಿರಲಿಲ್ಲ. ಉಗ್ರಾಣಕ್ಕೆ ಕರೆದು ಬಾಗಿಲು ಮುಚ್ಚಿ ಕೇಳುತ್ತಿದ್ದರು. ಹಾಗೆ ಸಿಕ್ಕಿದ ಮೂವರು ಹುಡುಗರು ನನಗೆ ಗೊತ್ತು. ಅವರ ಹೆಸರು ದೊಡ್ಡಕ್ಕ ಯಾರಿಗೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ಊರಿನವರು ಸುಮ್ಮನಿರಲಿಲ್ಲ. ಒಂದು ದಿನ ಶಾಲೆಯ ಹತ್ತಿರದ ಅಂಗಡಿಯವರು ಅಡುಗೆಮನೆ ಬಾಗಿಲಿಗೇ ಬಂದರು.

"ಏನಮ್ಮೋ, ಊರ್ಗೂರೇ ಒಗೆಸೊಪ್ಪು ಬೆಳ್ದು ಉಣ್ತಾ ಅದೆ. ನೀನೊಬ್ಳು ಉದ್ಧಾರ ಮಾಡಕ್ ಒಂಟಿದ್ದೀಯಾ?"

ದೊಡ್ಡಕ್ಕ ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ. "ಬೆಳೀರಿ ಅಣ್ಣ. ನಾನೇನ್ ಬ್ಯಾಡ ಅಂದ್ನಾ? ರೇಷ್ಮೆ ಬೆಳೆಯೋರು ಉಳ ತಿಂತಾರಾ?"

ಅಂಗಡಿಯವರಿಗೇ ನಗು ಬಂದುಬಿಟ್ಟಿತು. ಆದರೆ ಅಂಗಡಿಯ ಮುಂದೆ ತೋರಣದ ಹಾಗೆ ಇಳಿಬಿಟ್ಟಿದ್ದ ಗುಟ್ಕ ಚೀಟಿಗಳನ್ನು ಅವರು ತೆಗೆಯಲಿಲ್ಲ. ಆಗ ದೊಡ್ಡಕ್ಕ ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಎದ್ದು ನಿಂತರು. ಅವರ ಮಾತು ಅರ್ಥವಾಗದವರಿಗೆ ನಾನು ಮತ್ತೆ ಹೇಳುತ್ತಾ ಹೋದೆ. ಆ ತೋರಣ ಇರುವ ಅಂಗಡಿಯಲ್ಲಿ ಸಂಘದವರು ಉಪ್ಪು ಕೂಡ ಕೊಳ್ಳಬಾರದು. ಶುಭಕಾರ್ಯದ ಎಲೆ-ಅಡಿಕೆ ತಟ್ಟೆಯಲ್ಲಿ ಕಡ್ಡಿಪುಡಿ ಇಡಬಾರದು. ಮಕ್ಕಳನ್ನು ಬೀಡಿ, ಕಡ್ಡಿಪುಡಿ ತರಲು ಅಂಗಡಿಗೆ ಕಳಿಸಬಾರದು. ಕೊನೆಯದಕ್ಕೆ ಮುದುಕರೆಲ್ಲ ಬೈದರು. "ಮಂಡಿ ನೋವಲ್ಲಿ ನಾವ್ ಎದ್ ಓಗ್ಬೇಕೇನಮ್ಮಿ?" ಎಂದು ಒಬ್ಬ ತಾತ ಕೇಳಿದಾಗ ದೊಡ್ಡಕ್ಕ, "ನಡೀರಿ ತಾತ, ಮಂಡಿಗೂ ಒಳ್ಳೇದು," ಎಂದರು. ಎರಡು ತಿಂಗಳಾದ ಮೇಲೆ ಅಂಗಡಿಯ ತೋರಣದ ಜಾಗಕ್ಕೆ ಕಡಲೆಮಿಠಾಯಿ ಬಂತು.

ಸಭೆಯಲ್ಲಿ ನಾನೂ ಕೈ ಎತ್ತಿದ್ದೆ. ಆದರೆ ನಮ್ಮ ಅತ್ತೆಗೆ ಕಡ್ಡಿಪುಡಿ ಬೇಕಾದಾಗ ನನ್ನ ಮಗಳನ್ನು ಅಂಗಡಿಗೆ ಕಳಿಸುವುದನ್ನು ಬಿಡಲಿಲ್ಲ. ಹೆಣ್ಣುಮಗು, ತಂದುಕೊಡುತ್ತದೆ, ಅದಕ್ಕೇನು ಅಂದುಕೊಂಡೆ. ನಮಗೆ ಭಯವಿದ್ದದ್ದು ಗಂಡುಮಕ್ಕಳ ಬಗ್ಗೆ ಮಾತ್ರ.

ಮಗಳು ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ಖಾರ ಬೇಡ ಅನ್ನತೊಡಗಿದಳು. ಉಷ್ಣ ಎಂದು ನಾನೇ ತೀರ್ಮಾನ ಮಾಡಿದೆ. ರಾತ್ರಿ ನೆನೆಸಿದ ಮೆಂತ್ಯದ ನೀರು ಕೊಟ್ಟೆ. ನೆತ್ತಿಗೆ ಹರಳೆಣ್ಣೆ ತಟ್ಟಿದೆ. ಮನೆಯ ಸಾರಿಗೆ ಖಾರ ಕಡಿಮೆ ಮಾಡಿದೆ. ಪ್ರತಿ ಶುಕ್ರವಾರ ಮಕ್ಕಳ ಬಾಯಿ ನೋಡುವ ಅಡುಗೆಮನೆಯಲ್ಲೇ ನಾನು ಕೆಲಸ ಮಾಡುತ್ತಿದ್ದೆ. ಆದರೂ ಮಗಳು ಸಾಲಿನಲ್ಲಿ ಬಂದಾಗ, "ನನ್ನ ಮಗಳು ತಾನೆ," ಎಂದು ಬೆರಳು ಕೇಳದೆ ನಾನೇ ಅನ್ನ ಹಾಕಿ ಕಳಿಸಿಬಿಡುತ್ತಿದ್ದೆ.

ಒಂದು ಶುಕ್ರವಾರ ಊಟ ಮುಗಿದ ಮೇಲೆ ದೊಡ್ಡಕ್ಕ ನನ್ನನ್ನು ನಲ್ಲಿಯ ಹತ್ತಿರ ಕರೆದರು.

"ನಿನ್ ಮಗ್ಳು ಸಾರಿಗೆ ನೀರ್ ಉಯ್ಕಂಡ್ಲು."

"ಅವ್ಳಿಗೆ ಉಷ್ಣ ಅಕ್ಕ."

ಅವರು ನನ್ನ ಕೈಯಲ್ಲಿದ್ದ ತಟ್ಟೆಗಳನ್ನು ತೆಗೆದು ಕೆಳಗಿಟ್ಟರು. ನನ್ನನ್ನೇ ನೋಡುತ್ತಾ ನಿಂತರು.

ಉಗ್ರಾಣದಲ್ಲಿ ಅಕ್ಕಿ ಮೂಟೆಯ ಮೇಲೆ ಮಗಳನ್ನು ಕೂರಿಸಿದರು. "ಬೆರ್ಳಿಡು ಮಗ," ಎಂದರು. ಎರಡು ಬೆರಳು ಹೋದವು. ಮೂರನೆಯದು ತುಟಿಗೆ ತಾಗಿ ನಿಂತಿತು. ಮಗಳು ಇನ್ನೊಮ್ಮೆ ತಳ್ಳಿದಳು. ಅವಳ ಕಣ್ಣಲ್ಲಿ ನೀರು ಬಂತು, ಬೆರಳು ಹೋಗಲಿಲ್ಲ. ದೊಡ್ಡಕ್ಕ ಕಿಟಕಿಯ ಬೆಳಕಿಗೆ ಅವಳ ಕೆನ್ನೆ ತಿರುಗಿಸಿದರು. ಒಳಗೆ ಹಾಲಿನ ಕೆನೆ ಅಂಟಿದ ಹಾಗೆ ಬಿಳಿ.

"ಯಾರ್ ಕೊಟ್ರು ಮಗ ಮೊದ್ಲು?"

ಮಗಳು ಮೂಟೆಯ ದಾರ ಎಳೆಯತೊಡಗಿದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು. "ಅಮ್ಮನೇ."

ಹೌದು. ಹಿಂದಿನ ವರ್ಷ ಸೊಪ್ಪು ಕಟ್ಟುವ ದಿನಗಳಲ್ಲಿ ಅವಳಿಗೆ ದವಡೆ ಹಲ್ಲು ನೋವು ಬಂದಿತ್ತು. ಕೆಲಸ ಬಿಟ್ಟು ಅರಕಲಗೂಡಿಗೆ ಕರೆದುಕೊಂಡು ಹೋಗುವವರು ಇರಲಿಲ್ಲ. ನಾನು ಅತ್ತೆಯ ಎಲೆ-ಅಡಿಕೆ ಸಂಚಿಯಿಂದ ಒಂದು ಚಿಟಿಕೆ ಕಡ್ಡಿಪುಡಿ ತೆಗೆದು ಹಲ್ಲಿನ ಗುಳಿಗೆ ಒತ್ತಿದ್ದೆ. ಈ ಊರಲ್ಲಿ ಎಲ್ಲರೂ ಮಾಡುವುದು ಅದನ್ನೇ. ನೋವು ಹೋಯಿತು ಅಂದಳು, ನಾನು ಮರೆತೆ. ಅವಳು ಮರೆಯಲಿಲ್ಲ. ಸೊಪ್ಪಿನ ವಾಸನೆಗೆ ತಲೆ ಸುತ್ತಿದಾಗ ಅಜ್ಜಿಯ ಸಂಚಿಗೆ ಕೈ ಹಾಕಿ ಅಡಿಕೆ ಚೂರಿನ ಜೊತೆ ಹಾಕಿಕೊಂಡಳು. ಆಮೇಲೆ ಅಜ್ಜಿಗೆಂದು ತರುವುದರಲ್ಲೇ ತನ್ನ ಪಾಲು ತೆಗೆದುಕೊಂಡಳು. ತರಲು ಕಳಿಸುತ್ತಿದ್ದವಳೂ ನಾನೇ.

ದೊಡ್ಡಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಮ್ಮವ್ವನೂ ಒಳ್ಳೇದಕ್ಕೇ ಕೊಟ್ಟಿದ್ಲು ಕಣೆ," ಎಂದು ನನ್ನ ಬೆನ್ನ ಮೇಲೆ ಕೈ ಇಟ್ಟರು. "ಅಳದು ಆಮ್ಯಾಕೆ. ನಾಳೆ ಆಸ್ನಕ್ಕೆ ಓಗವ."

ಹಾಸನದ ಬಸ್ಸಿನಲ್ಲಿ ನಾವು ಮೂವರೂ ಒಂದೇ ಸೀಟಿನಲ್ಲಿ ಕೂತೆವು. ಮಗಳು ಕಿಟಕಿಯ ಪಕ್ಕ, ನಡುವೆ ನಾನು, ಈ ಕಡೆ ದೊಡ್ಡಕ್ಕ. ಒಂದು ಸಲ ಮಗಳ ಬಾಯಿ, ಒಂದು ಸಲ ದೊಡ್ಡಕ್ಕನ ಬಾಯಿ ನೋಡುತ್ತಿದ್ದೆ. ನನ್ನ ಮಗಳು ಮುಂದೆ ಹೇಗಾಗಬಹುದು ಅನ್ನುವುದು ನನ್ನ ಪಕ್ಕದಲ್ಲೇ ಕೂತಿತ್ತು.

ಡಾಕ್ಟರು ಟಾರ್ಚು ಹಾಕಿ ನೋಡಿದರು. ಈಗಲೇ ಪೂರ್ತಿ ಬಿಟ್ಟರೆ ಇಲ್ಲಿಗೇ ನಿಲ್ಲಿಸಬಹುದು, ಬಿಡದಿದ್ದರೆ ನಾನು ಯಾವ ಮಾತೂ ಕೊಡಲಾರೆ ಎಂದರು. ಮಾತ್ರೆ, ಬಾಯಿಯ ವ್ಯಾಯಾಮ, ಮೂರು ತಿಂಗಳಿಗೊಮ್ಮೆ ತಪಾಸಣೆ. ನಂತರ ಅವರ ಕಣ್ಣು ದೊಡ್ಡಕ್ಕನ ಮೇಲೆ ಬಿತ್ತು. "ನೀವೂ ಬನ್ನಿ ಅಮ್ಮ, ನೋಡ್ತೀನಿ."

"ನಂದು ಅಳೇದು ಬುಡಿ ಸಾ. ಮಗೀನ್ ನೋಡಿ."

ಡಾಕ್ಟರು ಬಿಡಲಿಲ್ಲ. ಒಂದು ಚೀಟಿ ಬರೆದು, ಬರುವ ವಾರ ತಪ್ಪದೆ ಬರಬೇಕು ಎಂದು ಅವರ ಕೈಗೆ ಕೊಟ್ಟರು. ದೊಡ್ಡಕ್ಕ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದರು. ನಾನು ಅದರ ಬಗ್ಗೆ ಮತ್ತೆ ಕೇಳಲಿಲ್ಲ. ನನ್ನ ಮಗಳ ಬಾಯಿಯ ಹೊರತು ನನಗೆ ಬೇರೆ ಯಾರ ಬಾಯಿಯೂ ಕಾಣಿಸುತ್ತಿರಲಿಲ್ಲ.

ಮಗಳು ಬಿಟ್ಟಳು. ಸುಲಭವಾಗಿರಲಿಲ್ಲ. ಸಿಟ್ಟು, ತಲೆನೋವು, ಓದಲಾಗುವುದಿಲ್ಲ ಎಂದು ಅಳು. ಪ್ರತಿದಿನ ಮಧ್ಯಾಹ್ನ ದೊಡ್ಡಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಯಿಯ ವ್ಯಾಯಾಮ ಮಾಡಿಸುತ್ತಿದ್ದರು. ಮಗಳು ಅಗಲಿಸುವಾಗ ತಾವೂ ಅಗಲಿಸಲು ನೋಡುತ್ತಿದ್ದರು. ಒಂದು ದಿನ ಮಗಳು, "ದೊಡ್ಡಕ್ಕ, ನಿಮ್ದು ಗುಬ್ಬಿ ಬಾಯಿ," ಎಂದು ನಕ್ಕಳು. "ಗುಬ್ಬಿನೇ ಕಣವ್ವ. ನೀನು ಮೊಸ್ಳೆ ಆಗು," ಎಂದು ಅವರೂ ನಕ್ಕರು. ಅತ್ತೆ ತಮ್ಮ ಸಂಚಿಯನ್ನು ತಾವೇ ಒಲೆಗೆ ಹಾಕಿದರು. ಆಮೇಲೆ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ.

ಎಂಟು ತಿಂಗಳಾದ ಮೇಲೆ ದೊಡ್ಡಕ್ಕ ಕುಡಿದಿಟ್ಟ ಲೋಟದ ಅಂಚಿನಲ್ಲಿ ರಕ್ತ ಕಂಡೆ. "ಹಲ್ಲು ತಾಗಿ ಕೆನ್ನೇಲಿ ಉಣ್ಣಾಗದೆ," ಎಂದರು. ಎಷ್ಟು ದಿನದಿಂದ ಎಂದು ಕೇಳಿದೆ. "ಯಾರಿಗ್ ಗೊತ್ತು? ಊರ್ ಮಕ್ಳ ಬಾಯೆಲ್ಲಾ ನೋಡ್ತೀನಿ, ನನ್ ಬಾಯೊಳೀಕೆ ನಾನೇ ನೋಡಕ್ಕಾಗಲ್ವಲ್ಲೇ." ಆಗಲೂ ಅವರು ನಗಲು ನೋಡಿದರು. ಮಾರನೆಯ ದಿನವೇ ಹಾಸನಕ್ಕೆ ಕರೆದುಕೊಂಡು ಹೋದೆ. ಕ್ಯಾನ್ಸರಿನ ಗಂಟು ಕೆನ್ನೆಯಿಂದ ಕುತ್ತಿಗೆಗೆ ಇಳಿದಿತ್ತು. ಕೊನೆಯ ವಾರಗಳಲ್ಲಿ ಗಂಜಿಯೂ ಕೊಳವೆಯಲ್ಲಿ. ಒಂದು ದಿನ ನನ್ನ ಕೈ ಹಿಡಿದು ಕಷ್ಟಪಟ್ಟು ಹೇಳಿದರು: "ಖಾರವಾಗಿರೋ ಬಸ್ಸಾರು, ಬಾಯ್ ತುಂಬಾ ಮುದ್ದೆ... ಒಂದ್ ಸಲ." ಆ ಮಾತು ನನ್ನನ್ನು ಬಿಟ್ಟರೆ ಇನ್ನು ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಅವರು ಹೋದ ಮೇಲೆ ಅಡುಗೆಮನೆಯ ಖಾರದ ಪುಡಿಯ ಡಬ್ಬಿ ತೊಳೆಯಲು ತೆಗೆದೆ. ಮುಚ್ಚಳದ ಒಳಗೆ ಡಾಕ್ಟರು ಬರೆದ ಚೀಟಿ ಮಡಚಿದಂತೆಯೇ ಇತ್ತು.

ತಿಥಿಯ ದಿನ ಸಮಾಧಿಯ ಮುಂದೆ ಎಡೆ ಇಟ್ಟೆವು. ಸತ್ತವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಇಡುವುದು ನಮ್ಮ ಕಡೆ ಪದ್ಧತಿ. ಕಾಗೆ ಬಂದು ಮುಟ್ಟಬೇಕು. ಎಲ್ಲರೂ ದೂರ ನಿಂತು ಕಾದೆವು. ಕಾಗೆ ಬರಲಿಲ್ಲ. ಹೊಳೆನರಸೀಪುರದಿಂದ ಬಂದಿದ್ದ ಅವರ ತಮ್ಮ ಜೇಬಿನಿಂದ ಒಂದು ಕಡ್ಡಿಪುಡಿ ಪೊಟ್ಟಣ ತೆಗೆದರು.

"ಅಕ್ಕ ಮೂವತ್ತೊರ್ಸ ಆಕ್ಕಂಡಿದ್ಲು. ಆಸೆ ಉಳ್ಕಂಡಿರ್ತದೆ. ಇದ್ನಿಟ್ರೆ ಬತ್ತದೆ."

ಕೆಲವರು ಇಡಿ ಇಡಿ ಅಂದರು. ಕಾಗೆ ಮುಟ್ಟದಿದ್ದರೆ ಅನ್ನುವ ಹೆದರಿಕೆ ನನಗೂ ಇತ್ತು. ಅಷ್ಟರಲ್ಲಿ ಮಗಳು ಎಡೆಯ ಮುಂದೆ ಹೋಗಿ ನಿಂತಳು.

"ಮಾವ, ಬ್ಯಾಡಿ. ಅವ್ರ್ಗೆ ಅದು ಇಷ್ಟ ಇರ್ಲಿಲ್ಲ. ಅದು ಅವ್ರನ್ನ ಬುಡ್ಲಿಲ್ಲ, ಅಷ್ಟೆ."

ಅವರ ತಮ್ಮ ಅವಳನ್ನೇ ನೋಡಿದರು. ಪೊಟ್ಟಣ ಜೇಬಿಗೆ ಹೋಯಿತು. ನಾನು ಮನೆಯಿಂದ ಮಾಡಿ ತಂದಿದ್ದ ಹುರುಳಿಕಾಳಿನ ಬಸ್ಸಾರನ್ನು ಎಲೆಗೆ ಬಡಿಸಿ ಪಕ್ಕಕ್ಕೆ ಒಂದು ಇಡೀ ಮುದ್ದೆ ಇಟ್ಟೆ. ಕಾಗೆ ಯಾವಾಗ ಬಂತೋ ನನಗೆ ಗೊತ್ತಿಲ್ಲ. ಬಂತು ಎಂದು ಬೇರೆಯವರು ಹೇಳಿದರು. ನಾನು ಮಗಳನ್ನು ನೋಡುತ್ತಿದ್ದೆ.

ಈಗ ಶುಕ್ರವಾರದ ಸಾರಿಗೆ ಖಾರ ಹಾಕುವವಳು ನಾನು. ನನ್ನ ಹಿಡಿ ಚಿಕ್ಕದು, ಅವರ ಅಳತೆ ಬರಲು ಒಂದೂವರೆ ಹಿಡಿ ಹಾಕುತ್ತೇನೆ. ಎಲ್ಲರ ಬೆರಳೂ ನೋಡುತ್ತೇನೆ. ಹುಡುಗಿಯರದು ಮೊದಲು. ಕಳೆದ ವಾರ ಮಗಳು ಸಾಲಿನಲ್ಲಿ ಬಂದು ನಾನು ಕೇಳುವ ಮೊದಲೇ ಬೆರಳು ಜೋಡಿಸಿದಳು. ಎರಡು ಹೋದವು. ಮೂರನೆಯದು ಉಗುರಿನವರೆಗೆ ಹೋಗಿ ನಿಂತಿತು. ಹಿಂದಿನ ವಾರವೂ ಅಷ್ಟೇ ಹೋಗಿತ್ತು. ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ. ತಟ್ಟೆಗೆ ಸಾರು ಹಾಕಿದೆ. ಅವಳು ನೀರು ಕೇಳಲಿಲ್ಲ.

"ಮುಂದಿನೋರು ಬನ್ನಿ," ಎಂದೆ.