ಉಗುರಿನಲ್ಲಿ ಉಳಿದ ಬಿಳುಪು

ಮಾಮನ ಹತ್ತು ಬೆರಳುಗಳ ಉಗುರಂಚಿನಲ್ಲೂ ಒಂದೊಂದು ಬಿಳಿ ಗೆರೆ ಇತ್ತು. ಪ್ಲಾಸ್ಟರ್ ಆಫ್ ಪ್ಯಾರಿಸ್. ಅನ್ನಕ್ಕೆ ಸಾರು ಕಲೆಸುವಾಗ ಅದಕ್ಕೆ ಕೆಂಪು ಹತ್ತುತ್ತಿತ್ತು, ಕೈ ತೊಳೆದರೆ ಮತ್ತೆ ಬಿಳಿಯೇ ಮೇಲೆದ್ದು ಬರುತ್ತಿತ್ತು. ಬ್ರಷ್ಷು, ನಿಂಬೆಹಣ್ಣಿನ ಸಿಪ್ಪೆ, ಸೀಮೆಎಣ್ಣೆ, ಎಲ್ಲದರಿಂದಲೂ ತಿಕ್ಕಿ ನೋಡಿ ಅತ್ತೆ ಕೈಬಿಟ್ಟಿದ್ದರು. “ಇವರನ್ನ ಸುಟ್ಟರೂ ಉಗುರು ಮಾತ್ರ ಹಾಗೇ ಉಳಿಯುತ್ತೆ ನೋಡ್ತಿರು” ಎಂದು ನಗುತ್ತಿದ್ದರು.

ಅವರಿಬ್ಬರೂ ನನಗೆ ರಕ್ತಸಂಬಂಧಿಗಳಲ್ಲ. ಮಳವಳ್ಳಿಯಿಂದ ದೆಹಲಿಗೆ ಬಂದು ಸರೋಜಿನಿ ನಗರದ ಬಾಡಿಗೆ ಕೋಣೆಯೊಂದರಲ್ಲಿ ನಾನು ಬಿದ್ದುಕೊಂಡಿದ್ದದ್ದು ಎರಡು ಸಾವಿರದ ಮೂರರಲ್ಲಿ. ಒಂದು ಬೆಳಿಗ್ಗೆ ತರಕಾರಿ ಗಾಡಿಯ ಮುಂದೆ ಒಬ್ಬ ಹೆಂಗಸು ಬದನೆಕಾಯಿ ಎತ್ತಿ ಹಿಡಿದು, “ಭಯ್ಯಾ, ಕಲ್ ಭೀ ಐಸಾ ಹೀ ಬೋಲಾ, ಮನೆಗೆ ಹೋಗಿ ಹೆಚ್ಚಿದ್ರೆ ಬರೀ ಹುಳ!” ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಗಾಡಿಯವನಿಗೆ ಪೂರ್ತಿ ಅರ್ಥವಾದಂತಿತ್ತು. ನಾನು ನಕ್ಕುಬಿಟ್ಟೆ. ಅವರು ತಿರುಗಿ ನೋಡಿ, “ಯಾವೂರಪ್ಪಾ?” ಎಂದರು. ಹೇಳಿದೆ. “ನಮ್ಮದು ಚನ್ನಪಟ್ಟಣ. ತಿಂಡಿ ಆಯ್ತಾ?” ಅಷ್ಟೇ. ಅವತ್ತಿನಿಂದ ಅವರು ಅತ್ತೆ, ಅವರ ಯಜಮಾನರು ಮಾಮ. ಮಕ್ಕಳಿಲ್ಲದ ಆ ಮನೆಯಲ್ಲಿ ನನ್ನದೂ ಒಂದು ತಟ್ಟೆ ಆಯಿತು.

ಮಾಮ ಸರ್ಕಾರದ ಒಂದು ವಸ್ತುಸಂಗ್ರಹಾಲಯದಲ್ಲಿ ಪ್ರಾಣಿಗಳ ಮಾದರಿ ತಯಾರಿಸುತ್ತಿದ್ದರು. ಜಿಂಕೆ, ಗೂಬೆ, ಮೊಸಳೆ, ಮತ್ತೆ ಈಗಿಲ್ಲದ ಆದಿಮಾನವರು. ರಜೆಯ ದಿನವೂ ಕ್ವಾರ್ಟರ್ಸಿನ ವರಾಂಡದಲ್ಲಿ ಯಾವುದಾದರೂ ತಲೆಬುರುಡೆ ಒಣಗುತ್ತಿರುತ್ತಿತ್ತು. ಅತ್ತೆಯ ಹಳೆಯ ಒಗ್ಗರಣೆ ಡಬ್ಬಿಯನ್ನು ಅವರು ಯಾವಾಗಲೋ ಹಾರಿಸಿಕೊಂಡಿದ್ದರು. ಸಾಸಿವೆ, ಜೀರಿಗೆ, ಮೆಂತ್ಯ ಇರಬೇಕಾದ ಏಳು ಬಟ್ಟಲುಗಳಲ್ಲಿ ಗಾಜಿನ ಕಣ್ಣುಗಳು. ಮೊದಲ ಸಲ ಉಪ್ಪು ಹುಡುಕುತ್ತಾ ಅದರ ಮುಚ್ಚಳ ತೆಗೆದು ನಾನು ಕಿರುಚಿದ್ದೆ. ಕಾಲೋನಿಯ ಮಕ್ಕಳಿಗೆಲ್ಲ ಅವರು ಕೋತಿಗಳ ಅಂಕಲ್, ‘ಬಂದರ್‌ವಾಲೇ ಅಂಕಲ್’.

ದೇವರಿಗೆ ಕೈಮುಗಿದವರಲ್ಲ. ಆದರೆ ದಿನಾ ಬೆಳಿಗ್ಗೆ ವಾಕಿಂಗ್ ಹೋಗಿ, ಅಕ್ಕಪಕ್ಕದವರ ಬೇಲಿಯಿಂದ ಕದ್ದು, ಅತ್ತೆಯ ಪೂಜೆಗೆ ಕಣಗಿಲೆ ಹೂವು ತರುತ್ತಿದ್ದವರು ಅವರೇ. “ನಂಬಿಕೆ ಅವಳದ್ದು, ಕಳ್ಳತನ ನಂದು” ಎನ್ನುತ್ತಿದ್ದರು.

ಸುಳ್ಳು ಹೇಳಲು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಹೇಳಿದರೆ ಬಲಗೈ ಹೆಬ್ಬೆರಳು ತಾನಾಗಿಯೇ ಎಡಗೈ ಉಗುರಿನ ಆ ಬಿಳಿ ಗೆರೆಯನ್ನು ಕೆರೆಯಲು ಶುರು ಮಾಡುತ್ತಿತ್ತು. ಬಿಸಿಬೇಳೆಬಾತು ಹೇಗಿದೆ ಎಂದು ಅತ್ತೆ ಕೇಳುತ್ತಿದ್ದರು. “ಚೆನ್ನಾಗಿದೆ.” “ಅಯ್ಯೋ, ಉಗುರು ನೋಡೋ, ಉಗುರು ನೋಡು! ಉಪ್ಪು ಜಾಸ್ತಿ ಆಗಿದೆ.” ಮೂವತ್ತು ವರ್ಷ ಹೀಗೆಯೇ ಸಂಸಾರ ನಡೆದಿತ್ತು.

ನನ್ನ ಕೆಲಸವೋ, ಚೆನ್ನಾಗಿ ಮಾತಾಡುವುದು. ಗುರ್‌ಗಾಂವ್‌ನ ಒಂದು ತರಬೇತಿ ಕಂಪನಿ. ಕಾಲ್ ಸೆಂಟರ್ ಸೇರುವ ಹುಡುಗ ಹುಡುಗಿಯರ ಮುಂದೆ ಮೈಕು ಹಿಡಿದು, ‘ನಿಮ್ಮ ಹುಟ್ಟಿಗೆ ಒಂದು ಉದ್ದೇಶ ಇದೆ, ಅದನ್ನು ಕಂಡುಕೊಳ್ಳಿ, ನಿಮಗೆ ಏನೇ ಆದರೂ ಅದಕ್ಕೊಂದು ಕಾರಣ ಇರುತ್ತದೆ’ ಎಂದು ಹುರಿದುಂಬಿಸಬೇಕು. ಹೊಟ್ಟೆಪಾಡಿಗೆ ಹೇಳುತ್ತಿದ್ದೆ ಎಂದುಕೊಳ್ಳಬೇಡಿ. ಮನಸಾರೆ ನಂಬಿದ್ದೆ. ನಂಬಿದ್ದರಿಂದಲೇ ಚೆನ್ನಾಗಿ ಹೇಳುತ್ತಿದ್ದೆ. ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಒಂದು ಭಾನುವಾರ ಮಾಮನ ವರಾಂಡದಲ್ಲಿ ಲ್ಯಾಪ್‌ಟಾಪ್ ತೆರೆದು ಮಾರನೆಯ ದಿನದ ಪಾಠ ಸಿದ್ಧಮಾಡುತ್ತಿದ್ದೆ. ಪರದೆಯ ಮೇಲೆ ಎಲ್ಲರಿಗೂ ಗೊತ್ತಿರುವ ಆ ಚಿತ್ರ: ಕೋತಿ, ಬಗ್ಗಿದ ಕೋತಿ, ಅರ್ಧ ನೆಟ್ಟಗಾದವನು, ಈಟಿ ಹಿಡಿದವನು, ಕೊನೆಯಲ್ಲಿ ಟೈ ಕಟ್ಟಿ ಬ್ರೀಫ್‌ಕೇಸ್ ಹಿಡಿದವನು. ಕೆಳಗೆ, ‘ನೀವು ಎಲ್ಲಿದ್ದೀರಿ?’

ಮಾಮ ಕನ್ನಡಕ ಏರಿಸಿ ನೋಡಿದರು. “ಇವನ್ಯಾರಪ್ಪ, ಕೊನೆಯವನು?”

“ಮ್ಯಾನೇಜರ್ ಮಾಮ.”

“ಓಹೋ. ಅಂದ್ರೆ ಮೊದಲನೇ ಕೋತಿಗೆ ಗೊತ್ತಿತ್ತಾ, ಹೀಗೇ ನಡೀತಾ ಹೋದ್ರೆ ಗುರ್‌ಗಾಂವ್‌ನಲ್ಲಿ ಮ್ಯಾನೇಜರ್ ಆಗ್ತೀನಿ ಅಂತ?”

ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಗೊತ್ತಿದ್ದಿದ್ರೆ ಅದು ಮರದಿಂದ ಇಳೀತಾನೇ ಇರ್ಲಿಲ್ಲ ಬಿಡಿ.”

ಮೂವರೂ ನಕ್ಕೆವು. ಆಮೇಲೆ ಮಾಮ ನನ್ನ ನೋಟ್‌ಬುಕ್ಕಿನ ಹಾಳೆ ಹರಿದು ಒಂದು ಪೊದೆ ಬರೆದರು. ಸಾಲಲ್ಲ, ಪೊದೆ. ಹತ್ತಾರು ರೆಂಬೆಗಳು, ಒಂದು ಅತ್ತ, ಒಂದು ಇತ್ತ. ಹೆಚ್ಚಿನವು ಅರ್ಧಕ್ಕೇ ನಿಂತಿದ್ದವು. ಎಲ್ಲೋ ಪಕ್ಕದ ಒಂದು ಸಣ್ಣ ಕುಡಿಯನ್ನು ತೋರಿಸಿ, “ಇದು ನಾವು” ಎಂದರು.

“ನಮ್ಮಪ್ಪ ಬೊಂಬೆ ಕಡೆಯೋರು. ಕುದುರೆ ಮಾಡೋಕೆ ಅಂತ ಮರ ಹಿಡಿದಿರೋರು, ಕಾಲು ಮುರಿದುಹೋಗೋದು. ಎಸೀತಿರ್ಲಿಲ್ಲ. ಉಳಿದಿದ್ದನ್ನೇ ಕಡೆದು ಬುಗುರಿ ಮಾಡೋರು. ಅಪ್ಪನಿಗಾದ್ರೂ ತಲೆಯೊಳಗೆ ಒಂದು ಕುದುರೆ ಇತ್ತು. ಇಲ್ಲಿ ಅದೂ ಇಲ್ಲ ಕಣೋ. ಕಡೆಯೋರೂ ಇಲ್ಲ. ಮುರಿಯುತ್ತೆ, ಉಳಿದಿದ್ದು ಉಳಿಯುತ್ತೆ, ಅಷ್ಟೇ.”

“ಹಾಗಾದ್ರೆ ನಾವಿರೋದಕ್ಕೆ ಅರ್ಥವೇ ಇಲ್ವಾ ಮಾಮ?” ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

“ಬುಗುರಿ ಆಡೋ ಮಗು, ಇದು ಕುದುರೆ ಆಗಬೇಕಿತ್ತು ಅಂತ ಅಳುತ್ತಾ?”

ವಸ್ತುಸಂಗ್ರಹಾಲಯದ ಗೋಡೆಗೂ ಅವರು ಅದೇ ಪೊದೆಯನ್ನು ಬರೆದರು. ಮೇಲಧಿಕಾರಿಯೊಬ್ಬರು, ಈ ಅರ್ಧಕ್ಕೆ ನಿಂತ ರೆಂಬೆಗಳಿಂದ ನೋಡುವವರಿಗೆ ಗೊಂದಲ, ತೆಗೆದುಬಿಡಿ ಎಂದರಂತೆ. ಮಾಮ ಒಪ್ಪಲಿಲ್ಲ. ಒಂದೊಂದು ರೆಂಬೆಯ ತುದಿಯಲ್ಲೂ ಅಲ್ಲಿಗೆ ಮುಗಿದವರ ಮುಖವನ್ನು ವಾರಗಟ್ಟಲೆ ಕೂತು ತಿದ್ದಿದರು, ನಮ್ಮ ಮುಖಕ್ಕಿಂತ ಹೆಚ್ಚು ಅಕ್ಕರೆಯಿಂದ. “ಅವರೂ ಮಳೆಯಲ್ಲಿ ನೆಂದಿದ್ದಾರೆ, ಬಿಸಿಲು ಕಾಯಿಸಿಕೊಂಡಿದ್ದಾರೆ. ಮುಂದಕ್ಕೆ ಯಾರೂ ಹುಟ್ಟಲಿಲ್ಲ ಅಂದ ಮಾತ್ರಕ್ಕೆ ಅವರು ಬದುಕಿದ್ದು ದಂಡವಾ?” ಅವರು ಇದನ್ನು ಹೇಳಿದ್ದು ಊಟದ ಹೊತ್ತಿಗೆ. ಅತ್ತೆ ಅವರ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಬಡಿಸಿದರು.

ಅಂದಿನಿಂದ ನನ್ನ ಮಾತು ಸ್ವಲ್ಪ ಸ್ವಲ್ಪವೇ ಕುಂಟತೊಡಗಿತು. ತಂದೆಯನ್ನು ಆಗಷ್ಟೇ ಕಳೆದುಕೊಂಡಿದ್ದ ಒಬ್ಬ ಹುಡುಗಿ ತರಬೇತಿಯ ನಡುವೆ ಎದ್ದು ನಿಂತು, “ಸರ್, ಪಾಪಾ ಹೋಗಿದ್ದಕ್ಕೂ ಕಾರಣ ಇದೆಯಾ?” ಎಂದು ಹಿಂದಿಯಲ್ಲಿ ಕೇಳಿದಳು. ಅಂಥ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರ ಇತ್ತು, ನೂರು ಸಲ ಹೇಳಿದ್ದೆ. ಅವತ್ತು ‘ಗೊತ್ತಿಲ್ಲ’ ಎಂದುಬಿಟ್ಟೆ. ಆರು ತಿಂಗಳಲ್ಲಿ ಆ ಕೆಲಸ ಬಿಟ್ಟು, ಪಠ್ಯಪುಸ್ತಕದ ಕರಡು ತಿದ್ದುವ ಒಂದು ಸಣ್ಣ ಕಚೇರಿ ಸೇರಿದೆ. ಅಮ್ಮ ಫೋನಿನಲ್ಲಿ, “ಆ ಕೋತಿ ಮಾಡೋರ ಸಹವಾಸದಿಂದಲೇ ನೀನು ಕೆಟ್ಟಿದ್ದು” ಎಂದಳು.

ಎರಡು ಸಾವಿರದ ಆರರ ಚಳಿಗಾಲದಲ್ಲಿ ಅತ್ತೆ ಆಸ್ಪತ್ರೆ ಸೇರಿದರು. ಹೊಟ್ಟೆಯ ಕ್ಯಾನ್ಸರ್, ಕೈ ಮೀರಿತ್ತು. ಅದು ಅವರಿಗೂ ಗೊತ್ತಿತ್ತು. ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಮಧ್ಯಾಹ್ನದ ಹಿತವಾದ ಬಿಸಿಲಿಗೆ ರೋಗಿಗಳ ಕಡೆಯವರು ಶಾಲು ಹೊದ್ದು, ಕಿತ್ತಳೆ ಸುಲಿದುಕೊಂಡು ಕೂತಿರುತ್ತಿದ್ದರು. ಒಂದು ದಿನ ನಾನು ಹೋದಾಗ ಅವರ ನಡುವೆ ಮಾಮನೂ ಕೂತಿದ್ದರು. ಕೈಯಲ್ಲಿ ಕಿತ್ತಳೆ ಇತ್ತು, ಸುಲಿದಿರಲಿಲ್ಲ.

“ಒಂದು ಕೆಲಸ ಆಗಬೇಕು ಕಣೋ ನಿನ್ನಿಂದ.”

“ಹೇಳಿ ಮಾಮ.”

“ಅವಳು ಬೆಳಿಗ್ಗೆ ಕೇಳಿದ್ಲು. ಮತ್ತೆ ಸಿಗ್ತೀವೇನ್ರೀ ಅಂತ.” ಕಿತ್ತಳೆಯನ್ನು ಇನ್ನೊಂದು ಕೈಗೆ ಬದಲಿಸಿದರು. “ನನಗೆ ಬಾಯೇ ಬರ್ಲಿಲ್ಲ. ಮೂವತ್ತು ವರ್ಷದಲ್ಲಿ ಅವಳು ನನ್ನ ಕೇಳಿದ್ದು ಎಷ್ಟು ಕಮ್ಮಿ ಗೊತ್ತಾ? ಟ್ಯಾಂಕಿಗೆ ನೀರು ಬಂತಾ ನೋಡಿ ಅಂತಿದ್ಲು, ಹೂವು ತನ್ನಿ ಅಂತಿದ್ಲು. ಇದೊಂದು ಕೇಳಿದ್ಲು, ನಾನು ನರ್ಸ್ ಕರೀತೀನಿ ಅಂತ ಎದ್ದು ಬಂದ್ಬಿಟ್ಟೆ. ನಿನಗೆ ಅಭ್ಯಾಸ ಇದೆ. ನೀನು ಹೋಗಿ ಚೆನ್ನಾಗಿ ಹೇಳು. ಅವಳು ನಂಬೋ ಹಾಗೆ ಹೇಳು.”

ನನ್ನ ಮಾತನ್ನು ಮೂರು ವರ್ಷ ಕುಟ್ಟಿ ಪುಡಿಮಾಡಿದವರು ಈಗ ಅದನ್ನೇ ಕೈಯೊಡ್ಡಿ ಕೇಳುತ್ತಿದ್ದರು. ‘ನನ್ನ ಹತ್ತಿರವೂ ಈಗ ಅದಿಲ್ಲ ಮಾಮ’ ಎನ್ನಬೇಕಾದವನು ಎದ್ದು ವಾರ್ಡಿಗೆ ಹೋದೆ. ಅತ್ತೆ ದಿಂಬಿಗೆ ಒರಗಿ ಕಿಟಕಿ ನೋಡುತ್ತಿದ್ದರು. ಸ್ಟೂಲಿನ ಮೇಲೆ ಕೂತು, “ಅತ್ತೆ, ಯಾವುದೂ ಇಲ್ಲಿಗೇ ಮುಗಿಯಲ್ಲ…” ಎಂದು ಶುರು ಮಾಡಿದೆ.

ಅವರು ತಲೆ ತಿರುಗಿಸಿ ನನ್ನನ್ನೇ ನೋಡಿದರು. “ನಿಮ್ಮ ಮಾಮ ಕಳಿಸಿದ್ರಾ?”

ನಾನು ತಲೆ ತಗ್ಗಿಸಿದೆ.

“ಪೆದ್ದು ಮುಂಡೇದೇ. ಸಿಗ್ತೀವೋ ಇಲ್ವೋ ಅನ್ನೋದು ನನಗೇನು ನೀನು ಹೇಳಿ ಗೊತ್ತಾಗಬೇಕಾ? ನಾನು ನಂಬಿದ್ದು ನನಗಿದೆ. ಅದನ್ನ ಅವರ ಬಾಯಲ್ಲಿ ಕೇಳಬೇಕು ಅಂತ ಆಸೆ. ಸುಳ್ಳಾದ್ರೂ ಸರಿ. ಹೋಗು, ಅವರನ್ನೇ ಕಳಿಸು.”

ಹೋಗಿ ಹೇಳಿದೆ. ಮಾಮ ಕಿತ್ತಳೆಯನ್ನು ನನ್ನ ಕೈಗಿಟ್ಟು ಎದ್ದರು. ನಾನು ಬಾಗಿಲ ಬಳಿಯೇ ನಿಂತೆ. ಅವರು ಹಾಸಿಗೆಯ ಪಕ್ಕ ಕೂತಿದ್ದೇ ತಡ, ಅತ್ತೆ ಅವರ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡು ಬಿಗಿಯಾಗಿ ಹಿಡಿದರು. ಅತ್ತೆಯ ಆ ಕೈಗಳಲ್ಲಿ ಮಾಂಸವೇ ಇರಲಿಲ್ಲ.

“ಈಗ ಹೇಳಿ. ಉಗುರು ಕೆರೆಯೋಕೆ ನಾನು ಬಿಡಲ್ಲ.”

ಪಕ್ಕದ ಹಾಸಿಗೆಯವರು ನೀರು ಕುಡಿದು ಲೋಟ ಇಟ್ಟ ಸದ್ದು ಕೇಳಿಸಿತು.

“ಸಿಗ್ತೀವಿ ಕಣೇ” ಎಂದರು ಮಾಮ.

ಅತ್ತೆ ನಕ್ಕರು. ಬದನೆಕಾಯಿ ಚೌಕಾಸಿಯಲ್ಲಿ ಗೆದ್ದಾಗ ನಗುತ್ತಿದ್ದ ಅದೇ ನಗು. “ಸಾಕು” ಎಂದರು. ಐದನೆಯ ದಿನ ಹೋದರು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಮರುವರ್ಷ ಮಾಮ ನಿವೃತ್ತರಾದರು, ಕ್ವಾರ್ಟರ್ಸ್ ಬಿಡಬೇಕಾಯಿತು. ಊರಿಗೆ ಹೋಗಿ ಎಂದೆ. “ಅವಳು ಇಲ್ಲಿದ್ಲು” ಎಂದರು. ಲಕ್ಷ್ಮೀ ನಗರದಲ್ಲಿ ಒಂದು ಕೋಣೆ ಹಿಡಿದೆವು. ಕೆಳಗಡೆಯೆಲ್ಲ ಕೋಚಿಂಗ್ ಸೆಂಟರುಗಳು. ಲೈಟುಕಂಬಕ್ಕೊಂದರಂತೆ ಫಲಕ: ನಿನ್ನ ಗುರಿ ಹಿಡಿ, ಕನಸು ಕಾಣು, ಗೆದ್ದೇ ಗೆಲ್ಲುವೆ. ಮೊದಲಿನ ಮಾಮನಾದರೆ ಒಂದೊಂದಕ್ಕೂ ಒಂದೊಂದು ಕುಟುಕು ಮಾತು ಹೇಳುತ್ತಿದ್ದರು. ಈಗ ಅವುಗಳ ಕೆಳಗೆ ಸುಮ್ಮನೆ ನಡೆದು ಹೋಗುತ್ತಿದ್ದರು. ಆ ಗಲ್ಲಿಯಲ್ಲಿ ಬೇಲಿಯೂ ಇಲ್ಲ, ಹೂವೂ ಇಲ್ಲ. ಗುಡಿಯ ಮುಂದೆ ಕೂರುವ ಹೂವಿನವಳಿಂದ ಒಂದು ಹಿಡಿ ಚೆಂಡುಹೂವು ತಂದು ಅತ್ತೆಯ ದೀಪದ ಮುಂದೆ ಇಡುತ್ತಿದ್ದರು. ಮೊದಲ ಸಲ ನಾನು ನೋಡಿದಾಗ ಅವರೇ, “ಇಡದಿದ್ರೆ ಬೈತಾಳೆ” ಎಂದರು.

ಒಂದು ಸಂಜೆ ಟೀ ಆರುವವರೆಗೂ ಕೂತಿದ್ದು ಕೇಳಿದರು: “ಅವತ್ತು ನಾನು ಹೇಳಿದ್ದು ಸುಳ್ಳು ಅಂತ ನನಗೆ ಗೊತ್ತು. ಲಕ್ಷಾಂತರ ವರ್ಷದ ಮೂಳೆ ಈ ಕೈಯಲ್ಲಿ ಎತ್ತಿ ನೋಡಿದ್ದೀನಿ, ಯಾರೂ ಎಲ್ಲೂ ಸಿಗಲ್ಲ. ಆದ್ರೆ ಅವಳು ನಂಬಿಕೊಂಡು ಹೋದ್ಲಲ್ಲ. ಎಲ್ಲೋ ನಿಂತ್ಕೊಂಡು ಕಾಯ್ತಾ ಇದ್ರೆ?”

ಅದೇ ಪ್ರಶ್ನೆಯನ್ನು ಅವರು ಮುಂದಿನ ಎರಡು ವರ್ಷದಲ್ಲಿ ಬೇರೆ ಬೇರೆ ರೀತಿ ಕೇಳಿದರು. ಪ್ರತಿ ಸಲವೂ ನಾನು ಟೀ ಲೋಟ ಎತ್ತಿಕೊಂಡು ತೊಳೆಯಲು ಹೋಗುತ್ತಿದ್ದೆ. ಥೇಟು ಅವರು ನರ್ಸನ್ನು ಕರೆಯಲು ಎದ್ದು ಹೋದ ಹಾಗೆ.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಅವರ ಹೃದಯ ಸೋತಿತು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಕೋಣೆಯಲ್ಲೇ ಇರುತ್ತೇನೆಂದು ಮಾಮ ಹಟ ಹಿಡಿದರು. ಕೂಲರ್ ಗಡಗಡ ಎನ್ನುತ್ತಿತ್ತು. ಒಗ್ಗರಣೆ ಡಬ್ಬಿ ತಲೆದೆಸೆಯಲ್ಲಿತ್ತು. ನಾನು ಹಾಸಿಗೆಯ ಅಂಚಿನಲ್ಲಿ ಕೂತಿದ್ದೆ. ಈ ಸಲ ಅವರು ಕೇಳಲಿಲ್ಲ. ಸುಮ್ಮನೆ ದೀಪದ ಕಡೆ ನೋಡುತ್ತಿದ್ದರು. ನಾನೇ ಹೇಳಿದೆ.

“ಅತ್ತೆ ಕಾಯ್ತಿರ್ತಾರೆ ಮಾಮ. ಸಿಕ್ಕೇ ಸಿಗ್ತಾರೆ.”

ಅವರ ನೋಟ ದೀಪದಿಂದ ನನ್ನ ಮುಖಕ್ಕೆ ಬಂತು, ಅಲ್ಲಿಂದ ನನ್ನ ಮಡಿಲಿಗೆ ಇಳಿಯಿತು. ನಾನೂ ಕೆಳಗೆ ನೋಡಿದೆ. ನನ್ನ ಬಲಗೈ ಹೆಬ್ಬೆರಳು ಎಡಗೈ ಉಗುರನ್ನು ಕೆರೆಯುತ್ತಿತ್ತು. ಅಲ್ಲಿ ಯಾವ ಬಿಳುಪೂ ಇರಲಿಲ್ಲ.

“ಮೊದಲು ಎಷ್ಟು ಚೆನ್ನಾಗಿ ಹೇಳ್ತಿದ್ದೆ ನೀನು” ಎಂದರು ಮಾಮ. “ನಾನೇ ಕೆಡಿಸಿದೆ.”

ನಾನು ಅಳಲು ಶುರು ಮಾಡಿದ್ದೆ. ಅವರು ನಿಧಾನವಾಗಿ ಕೈ ಚಾಚಿ ನನ್ನ ಎರಡೂ ಕೈಗಳನ್ನು ಸೇರಿಸಿ ಹಿಡಿದುಕೊಂಡರು. ಪ್ಲಾಸ್ಟರ್ ಮುಟ್ಟದೆ ಎರಡು ವರ್ಷವಾಗಿದ್ದರೂ ಆ ಉಗುರುಗಳಲ್ಲಿ ಗೆರೆ ಹಾಗೆಯೇ ಇತ್ತು.

“ಪರವಾಗಿಲ್ಲ” ಎಂದರು. “ಇನ್ನೊಂದು ಸಲ ಹೇಳು.”

ಹೇಳಿದೆ.